ಒಬ್ಬನಿಗೆ ಪ್ಯಾಸಿಫೈಯರ್, ಒಬ್ಬಳಿಗೆ ಹೆಬ್ಬೆರಳು

ಅವಳಿ-ಜವಳಿ ಮಕ್ಕಳನ್ನು ನೋಡಿದವರು ಮೊದಲು ಕೇಳುವುದು "ಇಬ್ಬರಲ್ಲಿ ಯಾರು ದೊಡ್ಡವರು?" ಅಂತ. ನಮ್ಮ ಮಕ್ಕಳ ವಿಷಯದಲ್ಲಿ ಎರಡನೇ ಪ್ರಶ್ನೆಯೂ ಬಹಳ ಕಾಲ ಒಂದೇ ಆಗಿತ್ತು. "ಇವನ ಬಾಯಲ್ಲಿ ಅದೇನದು? ಇವಳಿಗೆ ಯಾಕೆ ಕೊಟ್ಟಿಲ್ಲ?"

ಮಗ ಪ್ಯಾಸಿಫೈಯರ್, ಅಂದರೆ ಹಾಲು ಬಾರದ, ಬರೀ ಚೀಪಲೆಂದೇ ಇರುವ ನಿಪ್ಪಲ್ ಚೀಪುತ್ತಿದ್ದ. ಮಗಳ ಬಾಯಿಗೆ ಅದನ್ನು ಇಟ್ಟರೆ ಮುಖ ಕಿವಿಚಿ ನಾಲಿಗೆಯಿಂದ ಹೊರಗೆ ತಳ್ಳುತ್ತಿದ್ದಳು. ಅವಳು ತನ್ನ ಬಲಗೈ ಹೆಬ್ಬೆರಳನ್ನು ಹುಡುಕಿಕೊಂಡಾಗಿತ್ತು. ಹೆತ್ತವರು ಅವರೇ, ಹಾಲು ಅದೇ, ಮಲಗುವ ಕೋಣೆ ಅದೇ. ಚೀಪುವ ವಿಷಯದಲ್ಲಿ ಮಾತ್ರ ಇಬ್ಬರದು ಎರಡು ದಾರಿ. ಹಾಗಾಗಿ "ಪ್ಯಾಸಿಫೈಯರ್ ಕೊಡಬೇಕಾ ಬೇಡವಾ" ಎಂದು ಗೆಳೆಯರು ಫೋನ್ ಮಾಡಿ ಕೇಳಿದಾಗೆಲ್ಲ ನಾನು ಹೇಳುವುದು ಇಷ್ಟೇ: ಅದರ ದೊಡ್ಡ ಗುಣ ಏನೆಂದರೆ, ಅದನ್ನು ಮಗುವಿನ ಕೈಯಿಂದ ತೆಗೆದಿಡಬಹುದು. ಕೊಡುವ ದಿನವೇ ತೆಗೆಯುವ ದಿನದ ಬಗ್ಗೆಯೂ ಯೋಚಿಸುವವರು ಧಾರಾಳವಾಗಿ ಕೊಡಲಿ. ಬೆರಳಿಗೆ ಈ ಸೌಕರ್ಯ ಇಲ್ಲ.

ನಮಗೆ ಕೊಡಬೇಕಾ ಬೇಡವಾ ಎಂದು ಯೋಚಿಸುವ ಅವಕಾಶವೇ ಇರಲಿಲ್ಲ. ಇಬ್ಬರೂ ದಿನ ತುಂಬುವ ಮೊದಲೇ ಹುಟ್ಟಿದವರು. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿನಲ್ಲಿ ಹಾಲು ಹೋಗುತ್ತಿತ್ತು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡಲು ಮಗುವಿಗೆ ಬರುವುದು ಗರ್ಭದ ಸುಮಾರು 34ನೇ ವಾರದ ಹೊತ್ತಿಗೆ. ಬರೀ ಚೀಪುವುದು ಅದಕ್ಕೂ ಬಹಳ ಮೊದಲೇ ಬಂದಿರುತ್ತದೆ. ಹೊಟ್ಟೆಯಲ್ಲಿರುವಾಗಲೇ ಬೆರಳು ಚೀಪುವ ಮಕ್ಕಳನ್ನು ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಜನ ನೋಡಿದ್ದಾರೆ. ಟ್ಯೂಬಿನಲ್ಲಿ ಹಾಲು ಇಳಿಯುವ ಹೊತ್ತಿಗೆ ಸರಿಯಾಗಿ ಸಿಸ್ಟರ್ ಬಂದು ಮಗನ ಬಾಯಿಗೆ ಬೆರಳ ತುದಿಯಷ್ಟು ಚಿಕ್ಕ ಪ್ಯಾಸಿಫೈಯರ್ ಇಡುತ್ತಿದ್ದರು. ಹಾಲೇ ಬಾರದ ಇದನ್ನು ಚೀಪಿ ಏನು ಸುಖ ಎಂದು ನಾನು ಕೇಳಿದ್ದೆ. "ಅಭ್ಯಾಸ ಆಗ್ಲಿ ಸರ್. ಚೀಪಿದಾಗ ಹೊಟ್ಟೆ ತುಂಬುತ್ತೆ ಅಂತ ಗೊತ್ತಾಗ್ಬೇಕಲ್ಲ" ಎಂದರು. ಅವರು ಹೇಳಿದ್ದಕ್ಕೆ ಆಧಾರವೂ ಇದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ಹೀಗೆ ಚೀಪಿದರೆ ಟ್ಯೂಬ್ ಬಿಟ್ಟು ಬಾಯಿಂದ ಕುಡಿಯಲು ಬೇಗ ಕಲಿಯುತ್ತಾರೆ, ಆಸ್ಪತ್ರೆಯಿಂದ ಬೇಗ ಮನೆಗೆ ಹೋಗುತ್ತಾರೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿರುವ ಸಂಗತಿ. ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವಾಗಲೂ ಚೀಪಲು ಕೊಟ್ಟರೆ ಮಗು ಕಡಿಮೆ ಅಳುತ್ತದೆ. ಇದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮಗಳು ಆಗಲೂ ಅದನ್ನು ಉಗಿದಳು.

ಮನೆಗೆ ಬಂದ ಮೇಲೆ ಗೊಂದಲ ಶುರುವಾಯಿತು. ಎದೆಹಾಲು ಕುಡಿಯುವುದು ಸರಿಯಾಗಿ ಹಿಡಿತಕ್ಕೆ ಬರುವವರೆಗೆ, ಅಂದರೆ ಮೂರು-ನಾಲ್ಕು ವಾರದವರೆಗೆ, ಪ್ಯಾಸಿಫೈಯರ್ ಬೇಡ ಎನ್ನುವುದು ಸಾಮಾನ್ಯವಾಗಿ ಎಲ್ಲ ವೈದ್ಯರೂ ಕೊಡುವ ಸಲಹೆ. ನಮ್ಮವನು ಹಾಲು ಕುಡಿಯುವುದಕ್ಕೂ ಮುಂಚೆ ಅದನ್ನೇ ಚೀಪಿದವನು! ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಸ್ತನ್ಯಪಾನಕ್ಕೆಂದು ಹತ್ತು ಸೂತ್ರಗಳನ್ನು ಹೊರತಂದಾಗ, ಎದೆಹಾಲು ಕುಡಿಯುವ ಮಕ್ಕಳಿಗೆ ಕೃತಕ ನಿಪ್ಪಲ್, ಪ್ಯಾಸಿಫೈಯರ್ ಕೊಡಲೇಬೇಡಿ ಎಂದು ಒಂಬತ್ತನೇ ಸೂತ್ರದಲ್ಲಿ ಖಡಾಖಂಡಿತವಾಗಿ ಹೇಳಿದ್ದವು. 2018ರಲ್ಲಿ ಅದನ್ನು ಸಡಿಲಿಸಿ, ಬಾಟಲಿ, ನಿಪ್ಪಲ್, ಪ್ಯಾಸಿಫೈಯರ್‌ಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಂದಿರಿಗೆ ತಿಳಿಹೇಳಿ ಎಂದು ಬದಲಾಯಿಸಿದವು. ಈ ನಡುವೆ ನಡೆದ ಅಧ್ಯಯನಗಳಲ್ಲಿ, ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳು, ಹಾಲೂಡಿಸುವ ಮನಸ್ಸಿರುವ ತಾಯಂದಿರು ಇದ್ದಲ್ಲಿ, ಪ್ಯಾಸಿಫೈಯರ್ ಕೊಟ್ಟಿದ್ದರಿಂದ ನಾಲ್ಕು ತಿಂಗಳ ಹೊತ್ತಿಗೆ ಎದೆಹಾಲು ಕುಡಿಯುವುದು ಕಡಿಮೆಯಾಗಿದ್ದು ಕಾಣಲಿಲ್ಲ.

ಹಾಗೆಂದು ಅಪಾಯವೇ ಇಲ್ಲ ಎಂದಲ್ಲ. ಹಸಿದ ಮಗು ತಲೆಯನ್ನು ಅತ್ತಿತ್ತ ಹೊರಳಿಸಿ ಬಾಯಿ ತೆರೆಯುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಅಳು ಬರುವುದು ಇದೆಲ್ಲ ಆದ ಮೇಲೆ. ಪ್ಯಾಸಿಫೈಯರ್ ಇಟ್ಟುಬಿಟ್ಟರೆ ಈ ಸೂಚನೆಗಳೆಲ್ಲ ಅದರ ಹಿಂದೆ ಅಡಗಿಹೋಗುತ್ತವೆ. ಮೊದಲೇ ತೂಕ ಕಡಿಮೆ ಇರುವ ಮಗುವಿಗೆ ಒಂದು ಹೊತ್ತಿನ ಹಾಲು ತಪ್ಪಿದರೂ ಅದು ಸಣ್ಣ ವಿಷಯವಲ್ಲ. ಅದಕ್ಕೇ ನನ್ನ ಹೆಂಡತಿ ಒಂದು ಕ್ರಮ ಮಾಡಿದಳು. ಅತ್ತರೆ ಮೊದಲು ಹಾಲು, ಆಮೇಲೆ ಡೈಪರ್, ಆಮೇಲೆ ಎತ್ತಿಕೊಂಡು ಓಡಾಟ. ಅದು ಬೇಕೆನಿಸಿದರೆ ಕೊನೆಗೆ. ನನ್ನ ಅಮ್ಮನಿಗೆ ಆ ಕೊನೆಯದೂ ಒಪ್ಪಿಗೆ ಇರಲಿಲ್ಲ. "ಲೋ, ಮಗು ಅತ್ರೆ ಎತ್ಕೋಬೇಕು ಕಣೋ, ಬಾಯಿಗೆ ಬಿರಡೆ ಹಾಕೋದಲ್ಲ" ಎಂದು ಗೊಣಗುತ್ತಲೇ ಇದ್ದರು. ಇಬ್ಬರನ್ನೂ ಒಟ್ಟಿಗೆ ಎತ್ತಿಕೊಂಡು ಒಂದು ಮಧ್ಯಾಹ್ನ ಒಬ್ಬರೇ ಕಳೆದ ಮೇಲೆ ಗೊಣಗುವುದು ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಅವರ ಮಾತು ನನಗೆ ಉಪಯೋಗಕ್ಕೆ ಬಂತು. ಪ್ಯಾಸಿಫೈಯರ್‌ಗೆ ಕೈ ಚಾಚಿದಾಗೆಲ್ಲ 'ಬಿರಡೆ' ನೆನಪಾಗಿ, ಇವನು ಯಾಕೆ ಅಳುತ್ತಿದ್ದಾನೆ ಎಂದು ಇನ್ನೊಮ್ಮೆ ನೋಡುತ್ತಿದ್ದೆ.

ಅದಕ್ಕೆ ಸ್ವಲ್ಪ ಜೇನು ಸವರಿ ಕೊಡಿ, ಮಗಳೂ ಚೀಪುತ್ತಾಳೆ ಎಂದು ಸಲಹೆ ಕೊಟ್ಟವರೂ ಇದ್ದರು. ಇದೊಂದಕ್ಕೆ ಮಾತ್ರ ನಾನು ಮುಖ ಮುರಿದು ಉತ್ತರ ಕೊಟ್ಟಿದ್ದೇನೆ. ಒಂದು ವರ್ಷ ತುಂಬುವ ಮೊದಲು ಮಗುವಿಗೆ ಜೇನು ಕೂಡದು, ಒಂದು ಹನಿಯೂ. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ತರುತ್ತವೆ. ಸ್ನಾಯುಗಳ ಶಕ್ತಿ ಕುಂದಿ ಉಸಿರಾಟಕ್ಕೇ ತೊಂದರೆಯಾಗುವ ಕಾಯಿಲೆ ಅದು. 2018ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಜೇನು ತುಂಬಿದ ಪ್ಯಾಸಿಫೈಯರ್ ಚೀಪಿದ ನಾಲ್ಕು ಶಿಶುಗಳು ಹೀಗೆ ಆಸ್ಪತ್ರೆ ಸೇರಿದಾಗ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಹೊರಡಿಸಬೇಕಾಯಿತು. ಸಕ್ಕರೆ ಸವರುವುದು ಬಾಟುಲಿಸಂ ತರಲಿಕ್ಕಿಲ್ಲ, ಹಲ್ಲು ಮಾತ್ರ ಮೂಡುತ್ತಿದ್ದಂತೆ ಹುಳುಕು ಹಿಡಿಯುತ್ತದೆ. ಸಿಹಿ ಸವರಿ ಬಾಯಿಗಿಡುವ ಆಸೆ ಇವತ್ತಿನದಲ್ಲ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ ತಾಯಿ-ಮಗುವಿನ ಚಿತ್ರವೊಂದರಲ್ಲಿ ಮಗುವಿನ ಕೈಯಲ್ಲಿ ಬಟ್ಟೆಯ ಪುಟ್ಟ ಗಂಟೊಂದಿದೆ. ಅಂಥ ಗಂಟಿನೊಳಗೆ ತಿನಿಸು, ಸಿಹಿ ಕಟ್ಟಿ ಚೀಪಲು ಕೊಡುತ್ತಿದ್ದ ಕಾಲ ಅದು.

ಇನ್ನು ನಿದ್ದೆ. ಇಲ್ಲಿ ನನಗೆ ಹೇಳಲು ಬಹಳ ಇದೆ, ಯಾಕೆಂದರೆ ರಾತ್ರಿ ಪಾಳಿ ನನ್ನದಾಗಿತ್ತು.

ಮಲಗಿದ್ದ ಆರೋಗ್ಯವಂತ ಶಿಶು ಕಾರಣವೇ ಗೊತ್ತಾಗದೆ ಹಠಾತ್ತಾಗಿ ತೀರಿಕೊಳ್ಳುವುದಕ್ಕೆ ಸಿಡ್ಸ್ ಎನ್ನುತ್ತಾರೆ. ನಿದ್ದೆಯ ಹೊತ್ತಿಗೆ ಪ್ಯಾಸಿಫೈಯರ್ ಚೀಪುವ ಮಕ್ಕಳಲ್ಲಿ ಇದು ಕಡಿಮೆ ಎಂದು ಒಂದಾದ ಮೇಲೊಂದು ಅಧ್ಯಯನದಲ್ಲಿ ಕಂಡುಬಂದಿದ್ದರಿಂದ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2005ರಿಂದ ಮಲಗಿಸುವಾಗ ಪ್ಯಾಸಿಫೈಯರ್ ಕೊಡುವುದನ್ನು ಶಿಫಾರಸು ಮಾಡುತ್ತಿದೆ. ಯಾಕೆ ಹೀಗೆ ಎಂಬುದಕ್ಕೆ ವಿವರಣೆಗಳು ಹಲವಿದ್ದರೂ ಒಂದೂ ಪೂರ್ತಿ ಸಾಬೀತಾಗಿಲ್ಲ. ಇದೇ ಎಲ್ಲವೂ ಅಲ್ಲ. ಅಂಗಾತ ಮಲಗಿಸುವುದು, ಗಟ್ಟಿಯಾದ ಸಮತಟ್ಟು ಹಾಸಿಗೆ, ಪಕ್ಕದಲ್ಲಿ ದಿಂಬು, ಗೊಂಬೆ, ದಪ್ಪ ಹೊದಿಕೆ ಇಲ್ಲದಿರುವುದು ಇವು ಮೊದಲು. ಒಲ್ಲೆ ಎನ್ನುವ ಮಗುವಿಗೆ ಒತ್ತಾಯ ಬೇಡ ಎಂದೂ ಅದೇ ಸಲಹೆ ಹೇಳುತ್ತದೆ. ನಿದ್ದೆ ಹತ್ತಿದ ಮೇಲೆ ಬಾಯಿಂದ ಬಿದ್ದರೆ ಮತ್ತೆ ತುರುಕಬೇಕಾಗಿಲ್ಲ ಎಂದೂ ಇದೆ.

ಆ ಕೊನೆಯ ವಾಕ್ಯವನ್ನು ನನ್ನ ಮಗ ಓದಿರಲಿಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಅವನಿಗೆ ನಿದ್ದೆ ಅಂದರೆ ಬಾಯಲ್ಲಿ ಅದು ಇರಬೇಕು. ನಿದ್ದೆ ಗಾಢವಾದಂತೆ ದವಡೆ ಸಡಿಲವಾಗಿ ಅದು ಜಾರಿ ಬೀಳುವುದು. ನಿದ್ದೆ ತೆಳುವಾದಾಗ ಬಾಯಿ ಖಾಲಿ ಇದೆಯೆಂದು ಎಚ್ಚರ. ಎಚ್ಚರವಾದರೆ ಒಂದು ಕೂಗು. ನಾನು ಕತ್ತಲಲ್ಲಿ ತಡಕಾಡಿ ಹುಡುಕಿ ಬಾಯಿಗಿಟ್ಟು ನನ್ನ ಹಾಸಿಗೆಗೆ ಮರಳಿ ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ. ಪಕ್ಕದ ತೊಟ್ಟಿಲಿನಲ್ಲಿ ಮಗಳು ಎಚ್ಚರವಾದರೆ ಎರಡು ಬಾರಿ ಮಿಸುಕಾಡಿ, ಹೆಬ್ಬೆರಳು ಬಾಯಿಗಿಟ್ಟು, ಯಾರ ಹಂಗೂ ಇಲ್ಲದೆ ಮತ್ತೆ ಮಲಗುತ್ತಿದ್ದಳು. ಆ ದಿನಗಳಲ್ಲಿ ನನ್ನ ಅಭಿಪ್ರಾಯ ಕೇಳಿದ್ದರೆ ಹೆಬ್ಬೆರಳಿನ ಪರ ಘೋಷಣೆ ಕೂಗುತ್ತಿದ್ದೆ.

ಇದಕ್ಕೆ ಎರಡೇ ದಾರಿ ಕಂಡವು. ಒಂದು, ಚೀಪುತ್ತ ತೂಕಡಿಸುವಾಗಲೇ ಮೆಲ್ಲಗೆ ಹೊರತೆಗೆದು, ಅದಿಲ್ಲದೆಯೇ ನಿದ್ದೆಗೆ ಜಾರಲು ಕಲಿಸುವುದು. ನಮ್ಮವನು ತುಟಿ ಬಿಗಿಹಿಡಿದು ಎಳೆದುಕೊಳ್ಳುತ್ತಿದ್ದ, ಇದು ನಡೆಯಲಿಲ್ಲ. ಇನ್ನೊಂದು, ಕಾಯುವುದು. ಏಳೆಂಟು ತಿಂಗಳಿಗೆ ಮಕ್ಕಳ ಕೈ ಹಿಡಿತಕ್ಕೆ ಬರುತ್ತದೆ. ತೊಟ್ಟಿಲಿನಲ್ಲಿ ಅಲ್ಲಲ್ಲಿ ಮೂರ್ನಾಲ್ಕು ಪ್ಯಾಸಿಫೈಯರ್ ಹರಡಿಟ್ಟೆವು. ಹಗಲು ಆಟದ ನಡುವೆ ಅವನ ಬಾಯಿಗೆ ಇಡುವ ಬದಲು ಕೈಗೆ ಕೊಟ್ಟು ಅವನೇ ಇಟ್ಟುಕೊಳ್ಳಲಿ ಎಂದು ಬಿಟ್ಟೆವು. ಒಂದು ರಾತ್ರಿ ಮಾನಿಟರ್‌ನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿ, ಸಿಕ್ಕಿದ್ದನ್ನು ತಿರುಗಿಸಿ ಸರಿಯಾಗಿ ಬಾಯಿಗಿಟ್ಟುಕೊಂಡಿದ್ದನ್ನು ನೋಡಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಇದಕ್ಕೆ ನನ್ನ ನಿದ್ದೆ ಕೆಡಿಸಿದ್ಯಾ?" ಎಂದು ಬೈಸಿಕೊಂಡೆ.

ಕಳೆದುಹೋಗದಿರಲಿ ಎಂದು ದಾರ ಕಟ್ಟಿ ಕುತ್ತಿಗೆಗೆ ಹಾಕುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ದಾರ ಕುತ್ತಿಗೆಗೆ ಬಿಗಿದು ಮಕ್ಕಳು ಸತ್ತಿದ್ದಾರೆ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ ಪಟ್ಟಿ ಹಗಲಿಗೆ, ಕಣ್ಣೆದುರು ಇರುವಾಗ ಮಾತ್ರ. ಯುರೋಪಿನ ಮಾನದಂಡ ಅದರ ಉದ್ದ 22 ಸೆಂಟಿಮೀಟರ್ ಮೀರಬಾರದು ಎನ್ನುತ್ತದೆ. ಮಲಗಿಸುವಾಗ ಕ್ಲಿಪ್ಪೂ ಇಲ್ಲ, ಪ್ಯಾಸಿಫೈಯರ್‌ಗೆ ಹೊಲಿದ ಗೊಂಬೆಯೂ ಇಲ್ಲ.

ವಸ್ತುವಿನ ಬಗ್ಗೆಯೂ ಸ್ವಲ್ಪ ಹೇಳಬೇಕು, ಯಾಕೆಂದರೆ ಜನ ಬಣ್ಣ ನೋಡಿ ಕೊಳ್ಳುತ್ತಾರೆ. ನೋಡಬೇಕಾದ್ದು ತುಟಿಯ ಹೊರಗಿರುವ ತಟ್ಟೆಯನ್ನು. ಅದು ಪೂರ್ತಿ ಬಾಯೊಳಗೆ ಹೋಗದಷ್ಟು ಅಗಲ ಇರಬೇಕು, ಹೋಗಿಬಿಟ್ಟರೂ ಉಸಿರಾಡಲು ಅದರಲ್ಲಿ ರಂಧ್ರಗಳಿರಬೇಕು. ಅಮೆರಿಕದಲ್ಲಿ 1977ರಲ್ಲೇ ಇದಕ್ಕೆ ಕಾನೂನು ಬಂತು: ಕನಿಷ್ಠ ಎರಡು ರಂಧ್ರ, ಜೊತೆಗೆ 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋದಷ್ಟು ಬಲ ಹಾಕಿ ಜಗ್ಗಿದರೂ ಬಿಡಿಬಿಡಿಯಾಗಬಾರದು. ಒಂದೇ ಅಚ್ಚಿನಲ್ಲಿ ಮಾಡಿದ್ದಾದರೆ ಬಿಡಿಭಾಗದ ಚಿಂತೆಯೇ ಇಲ್ಲ. ಲೇಟೆಕ್ಸ್ ಮೆತ್ತಗಿರುತ್ತದೆ, ಬೇಗ ಅಂಟಂಟಾಗುತ್ತದೆ, ಕೆಲವರಿಗೆ ಅಲರ್ಜಿ. ಸಿಲಿಕೋನ್ ಕುದಿಸಿದರೂ ತಡೆಯುತ್ತದೆ, ಹಲ್ಲು ಬಂದ ಮೇಲೆ ಮಾತ್ರ ಕಚ್ಚಿದ ಕಡೆ ಸೀಳುತ್ತದೆ. ನಾನು ತೊಳೆಯುವಾಗಲೆಲ್ಲ ನಿಪ್ಪಲನ್ನು ನಾಲ್ಕೂ ದಿಕ್ಕಿಗೆ ಜಗ್ಗಿ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಕೂದಲೆಳೆಯಷ್ಟು ಸೀಳು ಕಂಡರೂ ಕಸಕ್ಕೆ.

ನೆಲಕ್ಕೆ ಬಿದ್ದದ್ದನ್ನು ತಾವೇ ಬಾಯಿಗಿಟ್ಟು ಚೀಪಿ 'ಸ್ವಚ್ಛ' ಮಾಡಿ ಮಗುವಿಗೆ ಕೊಡುವವರಿಗೆ ಒಂದು ಅಸ್ತ್ರ ಸಿಕ್ಕಿದೆ. 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು 184 ಮಕ್ಕಳನ್ನು ಗಮನಿಸಿ, ಹೀಗೆ ಮಾಡುವ ಅಪ್ಪ-ಅಮ್ಮಂದಿರ ಮಕ್ಕಳಲ್ಲಿ ಇಸಬು, ಆಸ್ತಮಾದ ಲಕ್ಷಣ ಕಡಿಮೆ ಎಂದಿತು. ನನಗಂತೂ ಇದು ನಲ್ಲಿಯವರೆಗೆ ಹೋಗಲು ಸೋಮಾರಿತನ ಮಾಡುವವರು ಬಹಳ ಇಷ್ಟಪಡುವ ಅಧ್ಯಯನದಂತೆ ಕಾಣುತ್ತದೆ. ಹಲ್ಲು ಹುಳುಕಿಸುವ ಬ್ಯಾಕ್ಟೀರಿಯಾ ದೊಡ್ಡವರ ಜೊಲ್ಲಿನಿಂದಲೇ ಮಕ್ಕಳಿಗೆ ಹೋಗುವುದು, ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್ ವೈರಸ್ಸೂ ಹಾಗೆಯೇ. ನೀರು ಇದ್ದರೆ ತೊಳೆಯಿರಿ, ಇನ್ನೊಂದಿದ್ದರೆ ಅದನ್ನು ಕೊಡಿ.

ಆರು ತಿಂಗಳಾದ ಮೇಲೆ ಲೆಕ್ಕಾಚಾರ ಬದಲಾಗುತ್ತದೆ. ಮೊದಲು ಕಿವಿ. ಸತತವಾಗಿ ಚೀಪುವ ಮಕ್ಕಳಿಗೆ ಮಧ್ಯಕಿವಿಯ ಸೋಂಕು ಹೆಚ್ಚು. ಫಿನ್‌ಲೆಂಡ್‌ನಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರು ತಿಂಗಳ ನಂತರ ಬರೀ ನಿದ್ದೆಗೆ ಜಾರುವಾಗ ಮಾತ್ರ ಕೊಡಿ ಎಂದು ಒಂದು ಗುಂಪಿನ ಪೋಷಕರಿಗೆ ತಿಳಿಹೇಳಿದರು. ಆ ಮಕ್ಕಳಲ್ಲಿ ಕಿವಿ ಸೋಂಕು 29 ಶೇಕಡಾ ಕಡಿಮೆಯಾಯಿತು. ಬರೀ ಮಾತಿನ ಸಲಹೆಯಿಂದ ಅಷ್ಟು! ನಮ್ಮವನಿಗೂ ಒಂದು ನೆಗಡಿಯ ಬೆನ್ನಿಗೇ ಕಿವಿನೋವು ಬಂತು. ಅದಕ್ಕೆ ಪ್ಯಾಸಿಫೈಯರೇ ಕಾರಣ ಎಂದು ನಾನು ಹೇಳಲಾರೆ, ನೆಗಡಿಯಾದ ಮಕ್ಕಳಿಗೆ ಅದು ಬರುವುದೇ. ಆದರೆ ಅಂದಿನಿಂದ ಅದು ತೊಟ್ಟಿಲಿನಿಂದ ಹೊರಗೆ ಬರಲಿಲ್ಲ.

ಎರಡನೆಯದು ಮಾತು. ಇದು ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸಿದ ವಿಷಯ. 2015ರಲ್ಲಿ ಕೆನಡಾದ ಸಂಶೋಧಕರು ಇಂಗ್ಲಿಷ್ ಮನೆಗಳ ಆರು ತಿಂಗಳ ಕೂಸುಗಳಿಗೆ ಹಿಂದಿಯ ಎರಡು ಧ್ವನಿಗಳನ್ನು ಕೇಳಿಸಿದರು. ಒಂದು ನಮ್ಮ 'ದ'ದಂಥದ್ದು, ನಾಲಿಗೆ ಹಲ್ಲಿಗೆ ತಾಗುವುದು. ಇನ್ನೊಂದು 'ಡ'ದಂಥದ್ದು, ನಾಲಿಗೆ ಮೇಲಕ್ಕೆ ಮಡಚುವುದು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ, ಆದರೂ ಆ ವಯಸ್ಸಿನ ಮಕ್ಕಳು ಎರಡನ್ನೂ ಬೇರೆ ಬೇರೆಯಾಗಿಯೇ ಕೇಳುತ್ತಾರೆ. ನಾಲಿಗೆಯ ತುದಿ ಆಡದಂತೆ ತಡೆಯುವ ಟೀದರ್ (ಮಗುವಿಗೆ ಕಚ್ಚಲು ಕೊಡುವ ಆಟಿಕೆ) ಬಾಯಲ್ಲಿಟ್ಟಾಗ ಮಾತ್ರ ಈ ಭೇದ ಅವರಿಗೆ ಗೊತ್ತಾಗಲಿಲ್ಲ. ನಾಲಿಗೆಗೆ ಅಡ್ಡಬಾರದ ಟೀದರ್ ಇದ್ದಾಗ ಗೊತ್ತಾಯಿತು. ಮಾತೇ ಬಾರದ ಮಗು, ಕೇಳಿಸಿಕೊಳ್ಳಲೂ ನಾಲಿಗೆಯನ್ನು ಬಳಸುತ್ತದೆ! ಅದು ಆ ಕ್ಷಣದ ಪರಿಣಾಮ, ಅದರಿಂದ ಮಾತು ಶಾಶ್ವತವಾಗಿ ಕೆಡುತ್ತದೆ ಎಂದು ಅವರು ಹೇಳಿಲ್ಲ. ಆದರೂ ಎಚ್ಚರವಿರುವಾಗ, ಆ-ಊ-ಬ-ಬ-ಬ ಎನ್ನುವ ಹೊತ್ತಿನಲ್ಲಿ ಬಾಯಿ ಖಾಲಿ ಇರಲಿ ಎಂದು ನನಗೆ ಮನವರಿಕೆಯಾಗಲು ಇಷ್ಟು ಸಾಕಾಯಿತು.

ಮೂರನೆಯದು ಹಲ್ಲು, ಎಲ್ಲರೂ ಹೆದರಿಸುವ ವಿಷಯ. ಎಷ್ಟು ವರ್ಷ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ಜೋರಾಗಿ ಚೀಪುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಾಯಿ ಮುಚ್ಚಿದರೂ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗದೆ ಕಿಂಡಿ ಉಳಿಯುವುದು ಸಾಮಾನ್ಯ ಪರಿಣಾಮ. ಎರಡು-ಮೂರು ವರ್ಷದೊಳಗೆ ಬಿಟ್ಟರೆ ಇದು ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮೇಲಿನ ದವಡೆ ಕಿರಿದಾಗಿ ಹಿಂದಿನ ಹಲ್ಲುಗಳು ಅಡ್ಡಾದಿಡ್ಡಿ ಕೂಡುವುದು ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. ಚಪ್ಪಟೆ ಆಕಾರದ, 'ಹಲ್ಲಿಗೆ ಒಳ್ಳೆಯದು' ಎಂದು ಬರೆದ ನಿಪ್ಪಲ್ ಕೊಂಡೆವೆಂದು ನಿಶ್ಚಿಂತರಾಗಿ ವರ್ಷಗಟ್ಟಲೆ ಬಿಡುವ ಹಾಗಿಲ್ಲ.

ಮಗನದ್ದನ್ನು ಎರಡು ವರ್ಷ ದಾಟಿದ ಮೇಲೆ ಬಿಡಿಸಿದೆವು. ತುದಿ ಕತ್ತರಿಸಿ, ಚೀಪಲು ಮಜಾ ಬರುವುದಿಲ್ಲ ಎಂದರು ಯಾರೋ. ಕತ್ತರಿಸಿದ ಸಿಲಿಕೋನ್ ಚೂರು ಕಿತ್ತು ಗಂಟಲಿಗೆ ಸಿಕ್ಕಿದರೆ ಏನು ಗತಿ? ಕಹಿ ಸವರುವುದು ನನಗೆ ಮೋಸ ಅನ್ನಿಸಿತು. ಮೊದಲು ಮಧ್ಯಾಹ್ನದ ನಿದ್ದೆಗೆ ನಿಲ್ಲಿಸಿದೆವು. ಅದು ಸಲೀಸಾಗಿ ಆಯಿತು. ಹೊಸ ಮಂಚ ಬಂದಾಗ, "ಇದು ದೊಡ್ಡವರ ಮಂಚ, ಇದರಲ್ಲಿ ಅದು ಇರಲ್ಲ" ಎಂದು ಮೊದಲೇ ಹಲವು ದಿನ ಹೇಳಿ, ಇದ್ದಬದ್ದದ್ದನ್ನೆಲ್ಲ ಅವನ ಕೈಯಿಂದಲೇ ಕಸದ ಚೀಲಕ್ಕೆ ಹಾಕಿಸಿದೆವು. ಮೊದಲ ರಾತ್ರಿ ಜೋರು ಅಳು, ಆಮೇಲಿನ ಒಂದೆರಡು ರಾತ್ರಿ ಮುಸಿಮುಸಿ. ವಾರ ಕಳೆಯುವಷ್ಟರಲ್ಲಿ ಕೇಳುವುದು ನಿಂತಿತು. ಸೋಫಾ ಸಂದಿಯಲ್ಲಿ ಒಂದು ಉಳಿದುಹೋಗಿತ್ತು. ಅದನ್ನು ಅವನ ತಂಗಿ ಹುಡುಕಿ ತಂದು ಕೊಟ್ಟಳು, ಅವನು ಅದನ್ನು ಗೊಂಬೆಯ ಬಾಯಿಗೆ ಇಟ್ಟ.

ಈಗ ಇಬ್ಬರಿಗೂ ನಾಲ್ಕು ದಾಟಿದೆ. ಮಗನ ಮುಂದಿನ ಹಲ್ಲಿನ ಕಿಂಡಿ ಮುಚ್ಚಿಕೊಂಡಿದೆ. ಮಗಳ ಮೇಲಿನ ಹಲ್ಲು ಸ್ವಲ್ಪ ಮುಂದೆ ಬಂದಿದೆ, ಹೆಬ್ಬೆರಳ ಗೆಣ್ಣಿನ ಮೇಲೆ ಚರ್ಮ ದಪ್ಪಗಟ್ಟಿದೆ. ಕಸದ ಚೀಲಕ್ಕೆ ಹಾಕಲು ಅದು ಪ್ಯಾಸಿಫೈಯರ್ ಅಲ್ಲವಲ್ಲ. ಡೆಂಟಿಸ್ಟ್ ಬೈಯಬೇಡಿ, ಬಾಯಿಂದ ಕೈ ಕೀಳಬೇಡಿ, ಚೀಪದೆ ಇದ್ದಾಗ ಮೆಚ್ಚಿ ಮಾತಾಡಿ ಎಂದರು. ಅವಳೊಂದಿಗೇ ಕೂತು ಕನ್ನಡಿಯಲ್ಲಿ ಹಲ್ಲು ತೋರಿಸಿ ವಿವರಿಸಿದರು. ಅವಳು ದೊಡ್ಡವರ ಹಾಗೆ ತಲೆಯಾಡಿಸಿ, ಕಾರು ಹತ್ತಿದ ಕೂಡಲೇ ಹೆಬ್ಬೆರಳು ಬಾಯಿಗಿಟ್ಟಳು. ನೆನಪಿಗಿರಲಿ ಎಂದು ಬಲ ಹೆಬ್ಬೆರಳಿಗೆ ಅವಳೇ ಆರಿಸಿದ ಬ್ಯಾಂಡೇಜ್ ಸುತ್ತಿದೆವು. ಎಡಗೈಯದ್ದನ್ನು ಪ್ರಯತ್ನಿಸಿ, "ಇದು ಚೆನ್ನಾಗಿಲ್ಲ ಅಪ್ಪ" ಎಂದು ನನಗೇ ದೂರು ಕೊಟ್ಟಳು. ಹಗಲು ಈಗ ಬಹುತೇಕ ಬಿಟ್ಟಿದ್ದಾಳೆ. ರಾತ್ರಿಯದ್ದು ಇದೆ. ಕಾಯಂ ಹಲ್ಲುಗಳು ಆರರ ಸುಮಾರಿಗೆ ಬರುತ್ತವೆ, ಅಷ್ಟರೊಳಗೆ ಬಿಟ್ಟರೆ ಚಿಂತೆಯಿಲ್ಲ ಎಂದಿದ್ದಾರೆ ಡೆಂಟಿಸ್ಟ್. ಆರು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು.